ಶ್ಯಾಡೋ ವಾರ್ನಿಂಗ್‌ನ ಆಫ್ ಮಾಡ್ದೆ ಸೋಸ್ಕೊಂಡಿದ್ದು ಹೇಗೆ

ಸಿ ಕೋಡಲ್ಲಿ ಹೊರಗಿನ ಬ್ಲಾಕಲ್ಲಿರೋ ವೇರಿಯಬಲ್ ಹೆಸರನ್ನೇ ಒಳಗಿನ ಬ್ಲಾಕಲ್ಲಿ ಮತ್ತೆ ಡಿಕ್ಲೇರ್ ಮಾಡಿದ್ರೆ ಹೊರಗಿನದು ಮುಚ್ಚಿಹೋಗುತ್ತೆ, ಇದಕ್ಕೇ ಶ್ಯಾಡೋ ಅನ್ನೋದು. ಆದ್ರೆ ಜಿಸಿಸಿ ಕಂಪೈಲರ್ ಸುಮ್ನೇ ಇರುತ್ತೆ, ವಾರ್ನಿಂಗ್ ಆನ್ ಮಾಡೋ ಡಬ್ಲ್ಯೂಆಲ್, ಡಬ್ಲ್ಯೂಎಕ್ಸ್ಟ್ರಾ ಫ್ಲ್ಯಾಗ್ ಎರಡೂ ಕೊಟ್ರೂ ಬಾಯಿ ಬಿಡಲ್ಲ, ಡಬ್ಲ್ಯೂಶ್ಯಾಡೋ ಅಂತ ಬೇರೇನೇ ಫ್ಲ್ಯಾಗ್ ಹಾಕ್ಬೇಕು. ನಾನು ಒಂದು ಹಳೇ ಕೋಡ್‌ಬೇಸಲ್ಲಿ ಅದನ್ನ ಹಾಕಿ ಬಿಲ್ಡ್ ಓಡಿಸ್ದೆ. ಟರ್ಮಿನಲ್ ತುಂಬಾ ವಾರ್ನಿಂಗು.

ಎಲ್ಲಾರೂ ಇಲ್ಲೇ ಫ್ಲ್ಯಾಗ್ ತೆಗೆದುಬಿಡ್ತಾರೆ, ಇಲ್ಲಾ ಸಿಕ್ಕಿದ್ದಕ್ಕೆಲ್ಲಾ ಹೆಸರು ಬದಲಾಯಿಸ್ತಾ ಕೂರ್ತಾರೆ. ನಾನು ಮೊದಲು ಲಾಗ್‌ನ ಫೈಲು, ಲೈನ್ ನಂಬರ್ ಪ್ರಕಾರ ಸಾರ್ಟ್ ಮಾಡಿ ಡೂಪ್ಲಿಕೇಟ್ ತೆಗೆದೆ, ಯಾಕಂದ್ರೆ ಒಂದೇ ಹೆಡರಲ್ಲಿರೋ ಒಂದು ಲೈನು ಅದನ್ನ ಇನ್‌ಕ್ಲೂಡ್ ಮಾಡೋ ಪ್ರತಿ ಫೈಲಲ್ಲೂ ಕೂಗುತ್ತೆ. ಬೇರೆಯವರ ಲೈಬ್ರರಿ ಹೆಡರ್‌ಗಳನ್ನ ಐಸಿಸ್ಟಮ್ ಆಪ್ಷನ್‌ಗೆ (ಇವು ಸಿಸ್ಟಮ್ ಹೆಡರ್, ವಾರ್ನಿಂಗ್ ಬೇಡ ಅನ್ನೋದಕ್ಕೆ) ಹಾಕಿದ್ಮೇಲೆ ಅವೂ ತಣ್ಣಗಾದ್ವು.

ಹಳೇ ಕಂಪೈಲರ್ ಇದ್ದ ಮಷೀನಲ್ಲಿ ಇನ್ನೊಂದು ಕಿರಿಕಿರಿ. ಇಂಡೆಕ್ಸ್ ಅಂತ ಲೋಕಲ್ ವೇರಿಯಬಲ್ ಇಟ್ರೆ ಅದೇ ಹೆಸರಿನ ಲೈಬ್ರರಿ ಫಂಕ್ಷನ್ನ ಮುಚ್ತಿದೀಯ ಅನ್ನುತ್ತೆ, ಮ್ಯಾಥ್ ಹೆಡರ್ ಇದ್ರೆ ವೈ1 ಅಂತ ಕೋಆರ್ಡಿನೇಟ್ ಇಟ್ರೂ ಅಷ್ಟೇ, ಅದು ಗಣಿತದ ಬೆಸೆಲ್ ಫಂಕ್ಷನ್ ಹೆಸರಂತೆ! ಇಂಟ್ ವೇರಿಯಬಲ್‌ನ ಯಾರೂ ಫಂಕ್ಷನ್ ಅಂದ್ಕೊಂಡು ಕಾಲ್ ಮಾಡಲ್ಲ, ಮಾಡಿದ್ರೂ ಕಂಪೈಲೇ ಆಗಲ್ಲ. 2013ರಲ್ಲಿ ಬಂದ ಜಿಸಿಸಿ 4.8ರಿಂದ ಇದನ್ನ ಸರಿ ಮಾಡಿದಾರೆ, ಫಂಕ್ಷನ್ ಹೆಸರಿನ ಮೇಲೆ ಇನ್ನೊಂದು ಫಂಕ್ಷನ್ನೋ ಫಂಕ್ಷನ್ ಪಾಯಿಂಟರ್ರೋ ಕೂತ್ರೆ ಮಾತ್ರ ಹೇಳುತ್ತೆ. ಹಾಗಾಗಿ ಹಳೇ ಮಷೀನಲ್ಲಿ ಫ್ಲ್ಯಾಗೇ ಬೇಡ ಅಂತ ಬಿಲ್ಡ್ ಸೂಚನೆ ಇರೋ ಮೇಕ್‌ಫೈಲಲ್ಲಿ ವರ್ಷನ್ ಚೆಕ್ ಹಾಕಿದೆ.

ನಿಜವಾದ ಲಾಭ ಇದ್ದಿದ್ದು ಲೋಕಲ್ ಮೇಲೆ ಲೋಕಲ್ ಕೂತಿರೋ ಕಡೆ. ಫಂಕ್ಷನ್ ಶುರುವಲ್ಲಿ ಇಂಟ್ ರೆಟ್ ಸೊನ್ನೆ ಅಂತ ಇರುತ್ತೆ, ಕೆಳಗೆ ಲೂಪೊಳಗೆ ಯಾರೋ ಮತ್ತೆ ಇಂಟ್ ರೆಟ್ ಅಂತ ಬರೆದು ಅದಕ್ಕೆ ಎರರ್ ಕೋಡ್ ತುಂಬಿ ಬ್ರೇಕ್ ಮಾಡಿರ್ತಾರೆ, ಕೊನೇಲಿ ರಿಟರ್ನ್ ಆಗೋದು ಹೊರಗಿನ ರೆಟ್, ಅಂದ್ರೆ ಸೊನ್ನೆ, ಫೇಲ್ ಆಗಿದ್ರೂ ಕಾಲ್ ಮಾಡಿದವನಿಗೆ ಎಲ್ಲಾ ಸರಿಹೋಯ್ತು ಅಂತಾನೇ ಕಾಣುತ್ತೆ. ರಿವ್ಯೂ ಮಾಡೋರ ಕಣ್ಣಿಗೆ ಇದು ಬೀಳೋದು ಕಷ್ಟ. ಇಂಥದ್ದನ್ನಷ್ಟೇ ಹಿಡಿಯೋಕೆ ಜಿಸಿಸಿ 7ರಲ್ಲಿ ಅದೇ ಫ್ಲ್ಯಾಗ್‌ಗೆ ಗ್ಲೋಬಲ್ (ಎಲ್ಲಾ ಶ್ಯಾಡೋನೂ), ಲೋಕಲ್ (ಲೋಕಲ್ ಮೇಲೆ ಕೂತಿದ್ದು ಮಾತ್ರ), ಕಂಪ್ಯಾಟಿಬಲ್-ಲೋಕಲ್ ಅಂತ ಮೂರು ಹಂತ ಬಂದಿವೆ. ಕೊನೇದು ಟೈಪೂ ಹೊಂದಿಕೊಂಡ್ರೆ ಮಾತ್ರ ಹೇಳುತ್ತೆ, ಟೈಪ್ ಬೇರೆ ಇದ್ರೆ ಅದು ಬಹುಶಃ ಬೇಕಂತ್ಲೇ ಮಾಡಿದ್ದು ಅನ್ನೋ ಲೆಕ್ಕ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರೂ ಬಿಲ್ಡಲ್ಲಿ ಈ ಕಂಪ್ಯಾಟಿಬಲ್-ಲೋಕಲ್‌ನೇ ಹಾಕ್ಕೊಂಡಿದಾರೆ.

ಆಮೇಲೆ ಮ್ಯಾಕ್ರೋ, ಅಂದ್ರೆ ಕಂಪೈಲ್ ಮುಂಚೆ ಕೋಡಾಗಿ ಬಿಡಿಸ್ಕೊಳ್ಳೋ ಹೆಸರು. ಎರಡರಲ್ಲಿ ದೊಡ್ಡದನ್ನ ಕೊಡೋ ನಮ್ಮ ಮ್ಯಾಕ್ಸ್ ಮ್ಯಾಕ್ರೋ ಒಳಗೆ ಅಂಡರ್‌ಸ್ಕೋರ್ ಎ ಅಂತ ಟೆಂಪರರಿ ಇತ್ತು, ಮ್ಯಾಕ್ಸೊಳಗೆ ಮ್ಯಾಕ್ಸ್ ಹಾಕಿದ ಕಡೆಯೆಲ್ಲಾ ವಾರ್ನಿಂಗು. ಅಲ್ಲಿ ತೊಂದರೆ ಇಲ್ಲ ನಿಜ, ಆದ್ರೆ ಕಾಲ್ ಮಾಡೋನೇ ತನ್ನ ವೇರಿಯಬಲ್‌ಗೆ ಆ ಹೆಸರಿಟ್ಟಿದ್ರೆ ಮ್ಯಾಕ್ರೋ ಒಳಗಿನ ಟೆಂಪರರಿ ತನ್ನನ್ನ ತಾನೇ ಇನಿಶಿಯಲೈಸ್ ಮಾಡ್ಕೊಳ್ಳುತ್ತೆ, ಒಳಗೆ ಬರೋದು ಕಸ, ಸಿ ಭಾಷೇಲಿ ಡಬ್ಲ್ಯೂಆಲ್ ಇದನ್ನೂ ಹಿಡಿಯಲ್ಲ. ಪ್ರಾಗ್ಮಾ (ಕೋಡೊಳಗೇ ಕಂಪೈಲರ್‌ಗೆ ಕೊಡೋ ಸೂಚನೆ) ಹಾಕಿ ಬಾಯಿ ಮುಚ್ಚಿಸೋ ಬದಲು ಮ್ಯಾಕ್ರೋನ ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್ ಮಾಡ್ಬಿಟ್ಟೆ, ಟೈಪುಗಳು ಎರಡೇ ಇದ್ದಿದ್ರಿಂದ ಸುಲಭ ಆಯ್ತು. ತುಂಬಾ ಟೈಪ್ ಇದ್ರೆ ಬಳಸಿದಾಗೆಲ್ಲಾ ಒಂದೊಂದು ಏರೋ ಜಿಸಿಸಿಯ ಕೌಂಟರ್ ಮ್ಯಾಕ್ರೋನ ಹೆಸರಿಗೆ ಅಂಟಿಸಿ ಪ್ರತಿ ಸಲ ಹೊಸ ಹೆಸರು ಹುಟ್ಟಿಸ್ಬಹುದು, ಓದೋಕೆ ಮಾತ್ರ ಹಿಂಸೆ.

ಈಗ ದಿನದ ಬಿಲ್ಡಲ್ಲಿ ಕಂಪ್ಯಾಟಿಬಲ್-ಲೋಕಲ್ ಬಂದ್ರೆ ಎರರ್ರೇ. ಗ್ಲೋಬಲ್ ಹಂತದ್ದನ್ನ ರಿಲೀಸ್ ಮುಂಚೆ ಕೈಯಲ್ಲಿ ಓಡಿಸಿ ಒಮ್ಮೆ ಕಣ್ಣಾಡಿಸ್ತೀನಿ.