ಸರಿಯಿದ್ದ ಮಷಿನ್ ಕೆಡಿಸಿ ರಿಪೇರಿ ಕಲಿತೆ

ಜೆರಾಕ್ಸ್ ಮಷಿನ್ ರಿಪೇರಿಗೆ ಇಳಿದಾಗ ನನ್ನ ಹತ್ತಿರ ಡಿಪ್ಲೊಮಾ ಇರಲಿಲ್ಲ. ಯಾವ ಕಂಪನಿಯ ಟ್ರೇನಿಂಗೂ ಆಗಿರಲಿಲ್ಲ. ಇದ್ದದ್ದು ಒಂದು ಸ್ಕ್ರೂಡ್ರೈವರ್ ಸೆಟ್ಟು, ಒಂದು ಮಲ್ಟಿಮೀಟರ್. ನಾನು ಹಿಡಿದ ದಾರಿ ಒಂದೇ. ಓಡುವ ಹಳೇ ಮಷಿನ್ ಒಂದನ್ನು ಮನೆಯಲ್ಲಿಟ್ಟುಕೊಂಡು ಬೇಕಂತಲೇ ಕೆಡಿಸುವುದು. ಕೆಟ್ಟಾಗ ಅದು ಏನು ತೋರಿಸುತ್ತದೆ ಅಂತ ಬರೆದಿಡುವುದು. ಆಮೇಲೆ ಸರಿಮಾಡುವುದು. ನಕ್ಕವರೇ ಜಾಸ್ತಿ. "ಜನ ಕೆಟ್ಟಿದ್ದನ್ನ ರಿಪೇರಿ ಮಾಡ್ತಾರೆ, ನೀನು ಸರಿ ಇರೋದನ್ನ ಕೆಡಿಸ್ತೀಯಲ್ಲಪ್ಪಾ" ಅಂತ ನಾನು ಹೆಲ್ಪರ್ ಆಗಿದ್ದಾಗಿನ ಸೀನಿಯರ್ ಅಣ್ಣನೇ ಹೇಳಿದ್ದರು. ಈಗ ಕಷ್ಟದ ಕಾಲ್ (ರಿಪೇರಿಗೆ ಕರೆ) ಬಂದರೆ ಅವರೇ ನನಗೆ ಫೋನ್ ಮಾಡುತ್ತಾರೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲ ನಾಲ್ಕೈದು ತಿಂಗಳು ಅವರ ಹಿಂದೆ ಬ್ಯಾಗ್ ಹೊತ್ತು ತಿರುಗಿದೆ. ಟೋನರ್ ಅಂದರೆ ಅಕ್ಷರ ಮೂಡಿಸುವ ಕಪ್ಪು ಪುಡಿ ತುಂಬಿಸುವುದು, ವೇಸ್ಟ್ ಟೋನರ್ ಡಬ್ಬಿ ಖಾಲಿ ಮಾಡುವುದು, ಗ್ಲಾಸ್ ಒರೆಸುವುದು, ಮೀಟರ್ ರೀಡಿಂಗ್ ಬರೆದುಕೊಳ್ಳುವುದು. ಇಷ್ಟೇ ನನ್ನ ಕೆಲಸ. ಟೋನರನ್ನು ಬಿಸಿಮಾಡಿ ಪೇಪರ್‌ಗೆ ಅಂಟಿಸುವ ಫ್ಯೂಸರ್ ಬಿಚ್ಚುವ ಹೊತ್ತಿಗೆ ಸರಿಯಾಗಿ "ಹೋಗಿ ಪೇಪರ್ ಬಂಡಲ್ ತಗೊಂಡು ಬಾ" ಅನ್ನುತ್ತಿದ್ದರು. ತಪ್ಪು ಅವರದಲ್ಲ. ಕಸ್ಟಮರ್ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿರುವಾಗ ಯಾರು ಪಾಠ ಹೇಳಿಕೊಡುತ್ತಾರೆ? ಆದರೆ ಆ ದಿನಗಳಲ್ಲಿ ಒಂದು ಒಳ್ಳೇ ಕೆಲಸ ಮಾಡಿದೆ. ಪ್ರತಿ ಕಾಲ್ ಮುಗಿದ ಮೇಲೆ ತೊಂದರೆ ಏನಿತ್ತು ಅಂತ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದೆ. ಸುಮಾರು 200 ಕಾಲ್ ಆದ ಮೇಲೆ ಕೂತು ಎಣಿಸಿದೆ. ಹತ್ತರಲ್ಲಿ ಆರು ಜಾಮ್, ಅಂದರೆ ಪೇಪರ್ ಸಿಕ್ಕಿಕೊಳ್ಳುವುದು. ರೋಲರ್ ಸವೆದಿರುತ್ತಿತ್ತು, ಸೆನ್ಸರ್ ಕೊಳೆಯಾಗಿರುತ್ತಿತ್ತು, ಇಲ್ಲವೇ ಪೇಪರ್ರೇ ಸರಿ ಇರುತ್ತಿರಲಿಲ್ಲ. ಎರಡರಲ್ಲಿ ಕಾಪಿ ಮೇಲೆ ಗೆರೆ, ಕಲೆ, ಮಸುಕು. ಒಂದರಲ್ಲಿ ಫ್ಯೂಸರ್. ಉಳಿದ ಒಂದರಲ್ಲಿ ಸರ್ಕ್ಯೂಟ್ ಬೋರ್ಡು, ಮೋಟರ್, ನೆಟ್‌ವರ್ಕ್ ಎಲ್ಲಾ ಬಂತು. ಅಲ್ಲಿವರೆಗೆ ನಾನು ಬೋರ್ಡ್ ರಿಪೇರಿ ಕಲಿಯಬೇಕು ಅಂತ ಒದ್ದಾಡುತ್ತಿದ್ದೆ. ಅವತ್ತೇ ಅದನ್ನು ಬಿಟ್ಟೆ. ಪೇಪರ್ ಓಡುವ ದಾರಿ ಗೊತ್ತಿದ್ದರೆ ಅರ್ಧಕ್ಕಿಂತ ಜಾಸ್ತಿ ಕಾಲ್ ಮುಗಿಸಬಹುದು, ಅಲ್ವಾ?

ಮೊದಲ ಮಷಿನ್ ಗುಜರಿಯಿಂದ ತೂಕಕ್ಕೆ ತಂದೆ. ಮನೆಗೆ ತಂದು ಹಿಂದಿನ ಕವರ್ ತೆಗೆದರೆ ಮೇನ್ ಬೋರ್ಡೇ ಇಲ್ಲ. ಯಾರೋ ಮೊದಲೇ ಕಿತ್ತುಕೊಂಡಿದ್ದರು. ಅರ್ಧ ತಿಂಗಳ ಸಂಬಳ ಹೋಯಿತು, ಜೊತೆಗೆ ಗಾಡಿ ಬಾಡಿಗೆ. ಬಿಸಾಡಲು ಮನಸ್ಸು ಬರಲಿಲ್ಲ. ಬಿಚ್ಚಿ ಜೋಡಿಸುವ ಅಭ್ಯಾಸಕ್ಕೆ ಇಟ್ಟುಕೊಂಡೆ. ಮೊದಲ ಸಲ ಎರಡು ದಿನ ಹಿಡಿಯಿತು, ಕೊನೆಗೆ 11 ಸ್ಕ್ರೂ ಕೈಯಲ್ಲೇ ಉಳಿದವು. ಎಂಟನೇ ಸಲಕ್ಕೆ ಐದು ಗಂಟೆ ಸಾಕಾಯಿತು, ಒಂದು ಸ್ಕ್ರೂ ಕೂಡ ಉಳಿಯಲಿಲ್ಲ.

ಎರಡನೇ ಮಷಿನ್‌ಗೆ ಎರಡು ತಿಂಗಳ ಸಂಬಳಕ್ಕಿಂತ ಸ್ವಲ್ಪ ಮೇಲೆ ಹೋಯಿತು. ಸಾಲ ಮಾಡಿ ತಂದೆ. ಕಾಪಿ ಎಣಿಸುವ ಕೌಂಟರ್ 8 ಲಕ್ಷ ದಾಟಿತ್ತು, ಆದರೂ ಕಾಪಿ ಕೊಡುತ್ತಿತ್ತು. ಈ ಸಲ ಆನ್ ಮಾಡಿ, ಕೌಂಟರ್ ಪ್ರಿಂಟ್ ತೆಗೆದು, ನಾಲ್ಕೂ ಕವರ್ ಬಿಚ್ಚಿ ನೋಡಿದ ಮೇಲೇ ದುಡ್ಡು ಕೊಟ್ಟೆ. ಮಾಡೆಲ್ ಕೂಡ ಸುಮ್ನೆ ಆರಿಸಲಿಲ್ಲ. ನಾವು ಹೋಗುತ್ತಿದ್ದ ಆಫೀಸುಗಳಲ್ಲಿ ಯಾವುದು ಜಾಸ್ತಿ ಇತ್ತೋ ಅದನ್ನೇ ತಂದೆ. ಹೊಸಬರು ಇಲ್ಲೇ ಎಡವುತ್ತಾರೆ. ಅಗ್ಗ ಅಂತ ಯಾವುದೋ ಅಪರೂಪದ ಮಾಡೆಲ್ ತಂದರೆ ಕಲಿತದ್ದು ಕೆಲಸಕ್ಕೂ ಬರುವುದಿಲ್ಲ, ಪಾರ್ಟ್ಸೂ ಸಿಗುವುದಿಲ್ಲ.

ಆಮೇಲೆ ಕೆಡಿಸುವ ಕೆಲಸ ಶುರುವಾಯಿತು. ದಿನಕ್ಕೆ ಒಂದೇ ದೋಷ. ಮೊದಲು ಸೆನ್ಸರ್‌ಗಳು. ಪೇಪರ್ ಬಂದಾಗ ಏಳುವ ಸೆನ್ಸರ್‌ನ ಕಪ್ಪು ಕಡ್ಡಿ ಇದೆಯಲ್ಲ, ಅದನ್ನು ಟೇಪ್ ಹಾಕಿ ಮೇಲೆತ್ತಿ ಅಂಟಿಸಿದೆ. ಪೇಪರ್ ಒಂದೂ ಓಡಿಲ್ಲ, ಆನ್ ಮಾಡಿದ ತಕ್ಷಣ ಜಾಮ್ ಅಂದಿತು. ಅದೇ ಕಡ್ಡಿಯನ್ನು ಏಳದ ಹಾಗೆ ಕಟ್ಟಿದೆ. ಆನ್ ಆದಾಗ ಏನೂ ಹೇಳಲಿಲ್ಲ, ಪೇಪರ್ ಅಲ್ಲಿಗೆ ಬರಬೇಕಾದ ಹೊತ್ತಿಗೆ ನಿಂತಿತು. ಓದಿದರೆ ಇದು ಸಣ್ಣ ವಿಷಯ. ಆದರೆ ಪೇಪರ್ರೇ ಇಲ್ಲದ ಜಾಮ್ ಬಂದಾಗ ರೋಲರ್ ಬದಲಾಯಿಸುತ್ತಾ ಕೂತವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೀಗೆ ದಾರಿಯುದ್ದಕ್ಕೂ ಇದ್ದ ಒಂದೊಂದೇ ಸೆನ್ಸರ್ ಕಟ್ಟಿ, ಯಾವುದಕ್ಕೆ ಯಾವ ಎರರ್ ಕೋಡ್ ಬರುತ್ತದೆ ಅಂತ ಬರೆದೆ. ಪೇಪರ್ ಎಳೆದುಕೊಳ್ಳುವ ಪಿಕಪ್ ರೋಲರ್‌ಗೆ ಪೌಡರ್ ಹಚ್ಚಿ ಜಾರಿಸಿದೆ. ಎಡ ತುದಿಗೆ ಮಾತ್ರ ಹಚ್ಚಿದಾಗ ಪೇಪರ್ ಓರೆಯಾಗಿ ಬಂತು. ಫ್ಯೂಸರ್‌ನ ಬಿಸಿ ಅಳೆಯುವ ಥರ್ಮಿಸ್ಟರ್‌ನ ಕನೆಕ್ಟರ್ ತೆಗೆದು ಫ್ಯೂಸರ್ ಕೋಡ್ ಬರಿಸಿದೆ. ಅದು ಸರ್ವಿಸ್ ಮೋಡ್‌ಗೆ (ರಿಪೇರಿಯವರ ಮೆನು) ಹೋಗಿ ಕ್ಲಿಯರ್ ಮಾಡುವ ತನಕ ಬಿಡುವುದಿಲ್ಲ. ಇದನ್ನು ಕಸ್ಟಮರ್ ಮಷಿನ್‌ನಲ್ಲಿ ಮಾತ್ರ ಮಾಡಿ ನೋಡಬೇಡಿ.

ಕಲೆಗಳ ವಿಷಯದಲ್ಲಿ ನನಗೆ ಅನ್ನ ಕೊಟ್ಟಿದ್ದು ಒಂದು ಮಾಮೂಲಿ ಸ್ಕೇಲು. ಅಕ್ಷರ ಮೊದಲು ಮೂಡುವ ಉರುಳೆ, ಅಂದರೆ ಡ್ರಮ್ ಮೇಲೆ ಬೆರಳಿಟ್ಟು ಎಣ್ಣೆ ಗುರುತು ಮಾಡಿದೆ. ಕಾಪಿಯಲ್ಲಿ 94 ಮಿಲಿಮೀಟರ್‌ಗೆ ಒಂದು ಸಲ ಕಲೆ ಬಂತು. ನನ್ನ ಮಷಿನ್‌ನ ಡ್ರಮ್‌ನ ವ್ಯಾಸ 30 ಮಿಲಿಮೀಟರ್, ಅದರ ಸುತ್ತಳತೆಯೇ ಆ 94. ಡ್ರಮ್ಮಿಗೆ ವಿದ್ಯುತ್ ಚಾರ್ಜ್ ಕೊಡುವ ಚಾರ್ಜ್ ರೋಲರ್ ಮೇಲೆ ಸಾಸಿವೆಯಷ್ಟು ಟೇಪ್ ಅಂಟಿಸಿದೆ, ಸುಮಾರು 38ಕ್ಕೆ ಒಂದು ಬಂತು. ಫ್ಯೂಸರ್ ರೋಲರ್ ದಪ್ಪ ಇರುವುದರಿಂದ ಅದರದ್ದು 126ರ ಹತ್ತಿರ. ಮಷಿನ್‌ನ ಎಲ್ಲಾ ರೋಲರ್ ಅಳೆದು ಒಂದು ಪಟ್ಟಿ ಮಾಡಿ ಟೂಲ್ ಬ್ಯಾಗಿನ ಮುಚ್ಚಳದ ಒಳಗೆ ಅಂಟಿಸಿದೆ. ಇವತ್ತಿಗೂ ಕಲೆ ಅಂದ ತಕ್ಷಣ ಮೊದಲು ಸ್ಕೇಲ್ ತೆಗೆಯುತ್ತೇನೆ, ಆಮೇಲೆ ಸ್ಕ್ರೂಡ್ರೈವರ್. ಇನ್ನೊಂದು ಅಭ್ಯಾಸವೂ ಇದೆ. ಕಾಪಿ ಅರ್ಧ ಆಗುವಾಗ ಡೋರ್ ತೆರೆದು ಡ್ರಮ್ ನೋಡುತ್ತೇನೆ. ಡ್ರಮ್ ಮೇಲೆ ಅಕ್ಷರ ಕಪ್ಪಗೆ ಚೆನ್ನಾಗಿದ್ದು ಪೇಪರ್‌ನಲ್ಲಿ ಮಸುಕಾಗಿದ್ದರೆ ತೊಂದರೆ ಟ್ರಾನ್ಸ್‌ಫರ್ ಕಡೆ, ಅಂದರೆ ಟೋನರ್ ಡ್ರಮ್‌ನಿಂದ ಪೇಪರ್‌ಗೆ ಹೋಗುವ ಕಡೆ. ಡ್ರಮ್ ಮೇಲೇ ಮಸುಕಾಗಿದ್ದರೆ ಅದಕ್ಕಿಂತ ಹಿಂದೆ ಹುಡುಕಬೇಕು.

ಕಳೆದುಕೊಂಡ ದುಡ್ಡಿನ ಲೆಕ್ಕವನ್ನೂ ಹೇಳಬೇಕು. ದೊಡ್ಡ ಪೆಟ್ಟು ಬಿದ್ದಿದ್ದು ಬ್ಲೇಡ್‌ನಿಂದ. ಹೊಸ ಡ್ರಮ್ಮು, ಅದರ ಮೇಲೆ ಉಳಿದ ಟೋನರ್ ಒರೆಸುವ ಹೊಸ ಕ್ಲೀನಿಂಗ್ ಬ್ಲೇಡ್ ಹಾಕಿ, ಪುಡಿ ಸವರದೆ ಹಾಗೇ ಓಡಿಸಿಬಿಟ್ಟೆ. ಒಣ ಬ್ಲೇಡ್ ಡ್ರಮ್ಮಿಗೆ ಕಚ್ಚಿಕೊಂಡು ಮಗುಚಿತು. ಹತ್ತು ಸೆಕೆಂಡ್ ಕೂಡ ಆಗಿರಲಿಲ್ಲ, ಕಿರ್ ಅಂತ ಒಂದು ಸದ್ದು. ಡ್ರಮ್ ಮೇಲೆ ಸುತ್ತಲೂ ಗೆರೆ. ಅದು ಮನೆಯ ಮಷಿನ್ ಆಗಿರಲಿಲ್ಲ, ಕಸ್ಟಮರ್‌ದು. ಒಂದು ತಿಂಗಳ ಪೂರ್ತಿ ದುಡಿಮೆ ಹೋಯಿತು. ಮನೆಗೆ ಬಂದು ಹಳೇ ಬ್ಲೇಡ್‌ಗಳನ್ನು ತೊಳೆದು ಒಣಗಿಸಿ ಆರೇಳು ಥರದ ಪುಡಿ ಹಚ್ಚಿ ನೋಡಿದೆ. ಬರೀ ಟೋನರ್ ಸವರಿದರೂ ಬ್ಲೇಡ್ ಮಗುಚುವುದಿಲ್ಲ, ಹೊಸಬರಿಗೆ ಅಷ್ಟು ಸಾಕು. ನಾನು ಈಗ ಬಳಸುವುದು ಬೇರೆ ಮಿಶ್ರಣ, ಅದರಿಂದ ಬ್ಲೇಡ್ ಬಾಳಿಕೆ ಜಾಸ್ತಿ ಆಗಿದೆ. ಅದರಲ್ಲಿ ಏನಿದೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಎರಡನೇ ನಷ್ಟ ಫ್ಯೂಸರ್‌ನಲ್ಲಿ. ಸಿಕ್ಕಿಕೊಂಡ ಪೇಪರ್ ಚೂರನ್ನು ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಲು ಹೋಗಿ ರೋಲರ್ ಕೋಟಿಂಗ್ ಗೀರಿಬಿಟ್ಟೆ. 180 ಡಿಗ್ರಿ ದಾಟುವ ಜಾಗ ಅದು. ಗೀರಿದಲ್ಲೆಲ್ಲಾ ಟೋನರ್ ಅಂಟತೊಡಗಿತು. ರೋಲರ್ ಬೆಲೆ ನನ್ನ ಕೈಯಿಂದಲೇ ಕೊಟ್ಟೆ. ಆಮೇಲೆ ಫ್ಯೂಸರ್ ಹತ್ತಿರ ಲೋಹದ ತುದಿ ತಂದಿಲ್ಲ. ತಣ್ಣಗಾಗಲು ಬಿಟ್ಟು, ಕೈಯಲ್ಲಿ ಗೇರ್ ತಿರುಗಿಸಿ ಪೇಪರ್ ಹೊರಗೆ ತೆಗೆಯುತ್ತೇನೆ. ಮೂರನೆಯದು ಮನೆಯ ವ್ಯಾಕ್ಯೂಮ್ ಕ್ಲೀನರ್. ಟೋನರ್ ಪುಡಿ ಎಷ್ಟು ಸಣ್ಣದು ಅಂದರೆ ಮಾಮೂಲಿ ಫಿಲ್ಟರ್ ದಾಟಿ ಹಿಂದಿನಿಂದ ಹೊಗೆಯಂತೆ ಹೊರಗೆ ಬಂತು. ಕೋಣೆ ಪೂರ್ತಿ ಕಪ್ಪು, ವ್ಯಾಕ್ಯೂಮ್ ಕೂಡ ಹೋಯಿತು. ಟೋನರ್‌ಗೆಂದೇ ಮಾಡಿದ ವ್ಯಾಕ್ಯೂಮ್ ತಗೊಳ್ಳುವ ತನಕ ಬ್ರಶ್, ಒದ್ದೆ ಬಟ್ಟೆ, ತಣ್ಣೀರಿನಲ್ಲೇ ಕಳೆದೆ. ಬಿಸಿನೀರು ಬೇಡ, ಟೋನರ್ ಕರಗಿ ಅಂಟಿಕೊಳ್ಳುತ್ತದೆ.

ಮಧ್ಯೆ ಕುತೂಹಲಕ್ಕೆ ಮಾಡಿದ ಪ್ರಯೋಗಗಳೂ ಇವೆ. ಡ್ರಮ್ಮಿಗೆ ಬೆಳಕು ಬೀಳಬಾರದು ಅನ್ನುತ್ತಾರಲ್ಲ, ಎಷ್ಟು ಬೀಳಬಾರದು? ಹಳೇ ಡ್ರಮ್‌ನ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಉಳಿದರ್ಧವನ್ನು ಕೋಣೆಯ ಬೆಳಕಿಗೆ ಐದು ನಿಮಿಷ ಇಟ್ಟೆ. ಕಾಪಿಯಲ್ಲಿ ಆ ಭಾಗದ ಬಣ್ಣ ಬೇರೆಯಾಗಿತ್ತು. ರಾತ್ರಿಯಿಡೀ ಕತ್ತಲಲ್ಲಿಟ್ಟು ಬೆಳಿಗ್ಗೆ ಹಾಕಿದರೆ ಹೆಚ್ಚುಕಮ್ಮಿ ಸರಿಯಾಗಿತ್ತು. ಇನ್ನೊಂದನ್ನು ನೇರ ಬಿಸಿಲಿಗೆ ಅರ್ಧ ಗಂಟೆ ಇಟ್ಟೆ. ಅದು ಮೂರು ದಿನ ಕತ್ತಲಲ್ಲಿಟ್ಟರೂ ಸುಧಾರಿಸಲಿಲ್ಲ. ಪೇಪರ್ ಮೇಲೂ ಒಂದು ಪ್ರಯೋಗ ಮಾಡಿದೆ. ಮಳೆಗಾಲದಲ್ಲಿ ಒಂದು ಬಂಡಲ್ ಬಿಚ್ಚಿ ವಾರವಿಡೀ ಹೊರಗಿಟ್ಟೆ, ಇನ್ನೊಂದನ್ನು ಕಟ್ಟಿದ ಹಾಗೇ ಇಟ್ಟೆ. ಎರಡನ್ನೂ 500 ಹಾಳೆ ಓಡಿಸಿದೆ. ಹೊರಗಿಟ್ಟಿದ್ದರಲ್ಲಿ ಎಂಟೋ ಒಂಬತ್ತೋ ಜಾಮ್, ಜೊತೆಗೆ ಅಲ್ಲಲ್ಲಿ ಮಸುಕು. ಕಟ್ಟಿಟ್ಟಿದ್ದರಲ್ಲಿ ಒಂದೇ ಒಂದು. ಆಮೇಲೆ ಎಷ್ಟೋ ಆಫೀಸುಗಳಲ್ಲಿ ಒಂದು ಪಾರ್ಟೂ ಹಾಕದೆ, ಹೊಸ ಬಂಡಲ್ ಬಿಚ್ಚಿಸಿಯೇ ಕಾಲ್ ಮುಗಿಸಿದ್ದೇನೆ.

ಅಣ್ಣ ನನ್ನ ದಾರಿ ಒಪ್ಪಿಕೊಂಡಿದ್ದು ಒಂದು ಆಡಿಟ್ ಆಫೀಸಿನ ಕಾಲ್‌ನಿಂದ. ಅಲ್ಲಿನ ಮಷಿನ್‌ನ ಡಾಕ್ಯುಮೆಂಟ್ ಫೀಡರ್ (ಮೂಲ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಭಾಗ) ದಿನಾ ಜಾಮ್ ತೋರಿಸುತ್ತಿತ್ತು. ಒಳಗೆ ಪೇಪರ್ ಇರುತ್ತಿರಲಿಲ್ಲ. ಇಬ್ಬರು ಟೆಕ್ನಿಷಿಯನ್ ಬಂದು ರೋಲರ್, ಸೆಪರೇಶನ್ ಪ್ಯಾಡ್, ಸೆನ್ಸರ್ ಎಲ್ಲಾ ಹೊಸದು ಹಾಕಿ ಹೋಗಿದ್ದರು. ಅವರು ಬೆಳಿಗ್ಗೆ ಬಂದಾಗ ಮಷಿನ್ ಚೆನ್ನಾಗಿ ಓಡುತ್ತಿತ್ತು. ಅಣ್ಣ ಎರಡು ಸಲ ಹೋಗಿ ಬಂದರು, ಅವರಿಗೂ ಚೆನ್ನಾಗಿಯೇ ಓಡಿತು. ನಾನು ಅಲ್ಲಿನ ಹುಡುಗಿಯನ್ನು ಕೇಳಿದೆ: "ಮೇಡಂ, ಯಾವ ಹೊತ್ತಲ್ಲಿ ಜಾಸ್ತಿ ಬರುತ್ತೆ?" "ಮಧ್ಯಾಹ್ನ ಮೂರರ ಮೇಲೆ ಸರ್, ಐದಕ್ಕೆಲ್ಲಾ ತಾನೇ ಸರಿಹೋಗುತ್ತೆ" ಅಂದರು.

ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇತ್ತು. ಸೆನ್ಸರ್ ಕಟ್ಟಿ ಕಟ್ಟಿ ಮುಗಿದ ಮೇಲೆ ಒಂದು ರಾತ್ರಿ ಸುಮ್ನೆ ಟಾರ್ಚ್ ಬಿಟ್ಟು ನೋಡಿದ್ದೆ. ಬಹಳ ಸೆನ್ಸರ್‌ಗಳಿಗೆ ಏನೂ ಆಗಲಿಲ್ಲ. ಫೀಡರ್‌ನ ಒಂದು ಸೆನ್ಸರ್ ಮಾತ್ರ, ಜೋರು ಬೆಳಕು ಒಂದು ಕೋನದಿಂದ ಬಿದ್ದರೆ, ಪೇಪರ್ ಇದೆ ಅಂತ ತಿಳಿದುಕೊಳ್ಳುತ್ತಿತ್ತು. ಆಡಿಟ್ ಆಫೀಸಿನಲ್ಲಿ ಮಷಿನ್ ಪಡುವಣ ಕಿಟಕಿ ಪಕ್ಕ ಇತ್ತು. ಮೂರು ಗಂಟೆ ತನಕ ಕಾದು ಕೂತೆ. ಬಿಸಿಲು ಜಾರಿ ಬಂದು ಫೀಡರ್ ಮೇಲೆ ಬಿತ್ತು. ಜಾಮ್ ಲೈಟ್ ಹತ್ತಿತು. ಒಂದು ರಟ್ಟು ಅಡ್ಡ ಹಿಡಿದೆ, ಲೈಟ್ ಆರಿತು. ರಟ್ಟು ತೆಗೆದೆ, ಮತ್ತೆ ಹತ್ತಿತು. ಅಣ್ಣ ಹಿಂದೆಯೇ ನಿಂತಿದ್ದರು. ಮಷಿನ್‌ನ್ನು ಪಕ್ಕದ ಗೋಡೆಗೆ ಸರಿಸಿದೆವು, ಖರ್ಚು ಸೊನ್ನೆ. ಹೊರಗೆ ಬಂದ ಮೇಲೆ ಅಣ್ಣ ಕೇಳಿದ್ದು ಒಂದೇ ಮಾತು: "ಆ ನೋಟ್‌ಬುಕ್ ಒಂದು ಸಲ ಕೊಡ್ತೀಯೇನಪ್ಪಾ?"

ಆ ಆಫೀಸೇ ನನ್ನ ಮೊದಲ ಎಎಂಸಿ (ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟ್). ಅವರಿಂದ ಇನ್ನೂ ಮೂರು ಆಫೀಸು ಬಂದವು. ಎರಡು ವರ್ಷದಲ್ಲಿ ಮಷಿನ್ ಸಾಲ, ಡ್ರಮ್ ನಷ್ಟ ಎಲ್ಲಾ ತೀರಿ, ಹೆಲ್ಪರ್ ಸಂಬಳದ ನಾಲ್ಕು ಪಟ್ಟು ಕೈಗೆ ಬರತೊಡಗಿತು. ಈಗ ನೋಡಿಕೊಳ್ಳುತ್ತಿರುವುದು 60 ಚಿಲ್ಲರೆ ಮಷಿನ್. ಎಎಂಸಿ ಮಾಡುವಾಗ ಒಂದು ಎಚ್ಚರ ಬೇಕು. ಪ್ರತಿ ಕಾಪಿಗೆ ಇಷ್ಟು ಅಂತ ಒಪ್ಪುವ ಮೊದಲು ಹಿಂದಿನ ಮೂರು ತಿಂಗಳ ಮೀಟರ್ ನೋಡಿ, ಡ್ರಮ್ಮು, ಫ್ಯೂಸರ್ ಎಷ್ಟು ಓಡಿವೆ ಅಂತ ಸರ್ವಿಸ್ ಮೋಡ್‌ನಲ್ಲಿ ತೆಗೆದು ನೋಡಿ. ನಾನು ನೋಡದೆ ಒಪ್ಪಿದ ಒಂದು ಮಷಿನ್ ಮೊದಲ ತಿಂಗಳಲ್ಲೇ ಎರಡನ್ನೂ ಕೇಳಿತು, ಆ ವರ್ಷ ಅದರಿಂದ ಏನೂ ಉಳಿಯಲಿಲ್ಲ.

8 ಲಕ್ಷದ ಆ ಹಳೇ ಮಷಿನ್ ಇನ್ನೂ ಮನೆಯಲ್ಲಿದೆ, ಕೌಂಟರ್ ಹತ್ತು ದಾಟಿದೆ. ಹೋದ ವಾರ ಡ್ರಮ್ಮಿಗೆ ಟೋನರ್ ಕೊಡುವ ಡೆವಲಪರ್ ಯೂನಿಟ್‌ನ ಗೇರ್ ಒಂದರ ಹಲ್ಲು ಕತ್ತರಿಸಿ ಹಾಕಿದೆ. ಕಿವಿಗೆ ಸದ್ದು ಕೇಳಿಸುವುದೇ ಇಲ್ಲ, ಆದರೆ ಕಾಪಿಯಲ್ಲಿ ಒಂದೇ ಅಂತರಕ್ಕೆ ತೆಳುವಾದ ಅಡ್ಡ ಪಟ್ಟಿ ಬರುತ್ತಿದೆ. ಅಳೆದು ಬರೆದಿದ್ದೇನೆ, ನೋಟ್‌ಬುಕ್ಕಿನ 163ನೇ ಪುಟ.