ನಾಗರಭಾವಿ ಮನೆಗೆ ಇಂಟರ್ನೆಟ್ ಹಾಕಿಸಿದ್ದು

ಹೊಸ ಬಾಡಿಗೆ ಮನೆಗೆ ಬಂದಾಗ ಹಾಲಿನವರು, ಪೇಪರಿನವರು, ಗ್ಯಾಸ್ ಎಲ್ಲಾ ತಾವಾಗಿಯೇ ಹೊಂದಿಕೊಂಡವು. ಕೂತು ಯೋಚನೆ ಮಾಡಬೇಕಾಗಿ ಬಂದದ್ದು ಇಂಟರ್ನೆಟ್ ಒಂದಕ್ಕೆ. ನನ್ನದು ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ನಮ್ಮ ಮನೆಯವರು ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತಾರೆ. ಅತ್ತೆ ಧಾರಾವಾಹಿ ನೋಡುವುದೂ ಈಗ ಟಿವಿಯಲ್ಲಿರುವ ಆ್ಯಪ್‌ನಲ್ಲೇ. ನೆಟ್ ಹೋಯಿತು ಅಂದರೆ ಮನೆಯೇ ನಿಂತುಹೋದ ಹಾಗೆ.

ಬೆಂಗಳೂರಿನಲ್ಲಿ ಕಂಪನಿಗಳಿಗೆ ಬರ ಇಲ್ಲ. ಏರ್‌ಟೆಲ್, ಜಿಯೋ, ಆಕ್ಟ್, ಬಿಎಸ್‌ಎನ್‌ಎಲ್, ಹ್ಯಾಥ್‌ವೇ, ಇವರ ಜೊತೆಗೆ ಏರಿಯಾದ ಕೇಬಲ್‌ನವರು. ಯಾವುದು ಒಳ್ಳೆಯದು ಅಂತ ಆಫೀಸಿನಲ್ಲಿ ಕೇಳಿದೆ. ವೈಟ್‌ಫೀಲ್ಡ್‌ನಲ್ಲಿರುವವಳು ಹೊಗಳಿದ ಕಂಪನಿಯನ್ನೇ ಬನಶಂಕರಿಯವನು ಬಾಯಿಗೆ ಬಂದ ಹಾಗೆ ಬೈದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಬೋರ್ಡ್ ಒಂದೇ ಇರುತ್ತದೆ. ಆದರೆ ರಸ್ತೆಯಲ್ಲಿ ಲೈನ್ ಎಳೆಯುವವರು, ಕಟ್ ಆದಾಗ ಏಣಿ ಹಾಕಿ ಜೋಡಿಸುವವರು ಏರಿಯಾದಿಂದ ಏರಿಯಾಗೆ ಬೇರೆ. ಎಷ್ಟೋ ಕಡೆ ಅದು ಗುತ್ತಿಗೆಯವರ ಕೆಲಸ, ಇಲ್ಲ ಹಳೆಯ ಕೇಬಲ್ ಟಿವಿಯವರೇ ಫ್ರಾಂಚೈಸಿ ತಗೊಂಡಿರುತ್ತಾರೆ. ಹಾಗಾಗಿ ಜಾಹೀರಾತು, ಸ್ಟಾರ್ ರೇಟಿಂಗ್ ಎಲ್ಲಾ ಪಕ್ಕಕ್ಕಿಟ್ಟೆ. ನಮ್ಮ ಕ್ರಾಸ್‌ಗೆ ಏಣಿ ಹೊತ್ತುಕೊಂಡು ಯಾರು ಬರುತ್ತಾರೆ ಅನ್ನೋದನ್ನು ಹುಡುಕಿದೆ.

ಮೊದಲು ಹೋಗಿದ್ದು ಎದುರಿನ ಪಿಜಿಗೆ. ನೆಟ್ ಬಗ್ಗೆ ಪಿಜಿ ನಡೆಸುವವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ನೆಟ್ ಹೋದ ಎರಡನೇ ನಿಮಿಷಕ್ಕೆ ಅವರ ಫೋನ್ ಬಡಿದುಕೊಳ್ಳುತ್ತದಲ್ಲ.

"ಊಟದಲ್ಲಿ ಉಪ್ಪಿಲ್ಲ ಅಂದ್ರೂ ಸುಮ್ನಿರ್ತಾರೆ ಮೇಡಂ, ವೈಫೈ ಇಲ್ಲ ಅಂದ್ರೆ ನನ್ನ ಬಿಡಲ್ಲ," ಅಂದರು ಓನರ್. ಅವರ ಹತ್ತಿರ ಎರಡು ಕಂಪನಿಯ ಲೈನ್ ಇತ್ತು. ಒಂದು ಹೋದರೆ ಇನ್ನೊಂದು ಇರಲಿ ಅಂತ.

"ಹಾಗಾದ್ರೆ ನಿಮಗೆ ಚಿಂತೆ ಇಲ್ಲ ಬಿಡಿ ಅಣ್ಣ."

"ಎಲ್ಲಿ ಮೇಡಂ! ಎರಡೂ ಅದೇ ಕಂಬದ ಮೇಲೆ ಬರ್ತಾವೆ. ಮರಳು ಲಾರಿ ಒಂದು ಸಿಕ್ಕಿಸ್ಕೊಂಡು ಹೋಯ್ತು ನೋಡಿ, ಎರಡೂ ಒಟ್ಟಿಗೇ ಢಮಾರ್."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವರನ್ನು ನಾನು ಕೇಳಿದ್ದು ಸ್ಪೀಡ್ ಅಲ್ಲ. ಕಟ್ ಆದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಭಾನುವಾರ ಬರುತ್ತಾರಾ, ರಾತ್ರಿ ಒಂಬತ್ತರ ಮೇಲೆ ಎಲ್ಲರೂ ಮನೆಗೆ ಬಂದಾಗ ನಿಧಾನ ಆಗುತ್ತಾ, ಇಷ್ಟೇ. ಮೂಲೆಯ ಝೆರಾಕ್ಸ್ ಅಂಗಡಿಯಲ್ಲೂ ಇದನ್ನೇ ಕೇಳಿದೆ. ಇಬ್ಬರ ಉತ್ತರದಲ್ಲೂ ಬಂದ ಹೆಸರು ಒಂದೇ. ಅದು ಕಂಪನಿಯ ಹೆಸರಲ್ಲ, ಲೈನ್ ನೋಡಿಕೊಳ್ಳುವ ಹುಡುಗನದ್ದು.

ಆಮೇಲೆ ಮಹಡಿ ಹತ್ತಿ ನೋಡಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಕೇಬಲ್ ಎಲ್ಲಿಂದ ಹೊರಟು ಹೇಗೆ ಬರುತ್ತದೆ ಅಂತ ಕಣ್ಣಲ್ಲೇ ಹಿಂಬಾಲಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಂದು ಕಂಪನಿಯ ಲೈನ್ ಹೊಂಗೆ ಮರದ ಕೊಂಬೆಗೆ ಸುತ್ತಿ ಬಂದಿತ್ತು. ಮೇ ತಿಂಗಳ ಗಾಳಿ ಮಳೆಗೆ ಕೊಂಬೆ ಬೀಳುವ ಊರು ಇದು. ಇನ್ನೊಂದು ವಿದ್ಯುತ್ ಕಂಬದಲ್ಲಿ ಗಂಟು ಗಂಟಾಗಿ ನೇತಾಡುತ್ತಿತ್ತು. ಕಂಬದ ಮೇಲಿನ ಇಂಥ ಕೇಬಲ್‌ಗಳನ್ನು ಪಾಲಿಕೆ, ಬೆಸ್ಕಾಂನವರು ಆಗಾಗ ಕತ್ತರಿಸಿ ಹಾಕುವುದು ಬೆಂಗಳೂರಿನವರಿಗೆ ಹೊಸದೇನಲ್ಲ. ಪಾದಚಾರಿಗಳ ಕೊರಳಿಗೆ ತಗಲುವ ಹಾಗೆ ಜೋತುಬಿದ್ದಿರುವುದನ್ನು ನೋಡಿದರೆ ಕತ್ತರಿಸಿದ್ದೇ ಸರಿ ಅನ್ನಿಸುತ್ತದೆ, ನಮ್ಮದು ಕಟ್ ಆಗುವವರೆಗೆ! ಮೂರನೆಯದು ಹಿಂದಿನ ರಸ್ತೆಯಿಂದ ಮನೆಯಿಂದ ಮನೆಗೆ ಮಹಡಿ ಮೇಲೇ ಬಿಗಿಯಾಗಿ ಎಳೆದು ಬಂದಿತ್ತು. ಝೆರಾಕ್ಸ್ ಅಂಗಡಿಯವರು ಹೇಳಿದ ಹುಡುಗ ನೋಡಿಕೊಳ್ಳುತ್ತಿದ್ದದ್ದು ಇದನ್ನೇ.

ಕೇಬಲ್ ಜೊತೆಗೆ ಇನ್ನೊಂದು ವಿಷಯ ನೋಡಲೇಬೇಕು. 'ಫೈಬರ್' ಅಂತ ಎಲ್ಲರೂ ಹೇಳುತ್ತಾರೆ, ಅಂದರೆ ಬೆಳಕಿನ ಮೂಲಕ ನೆಟ್ ತರುವ ಗಾಜಿನ ಎಳೆ. ಆ ಫೈಬರ್ ನಿಮ್ಮ ಮನೆಯೊಳಗೇ ಬರುತ್ತದಾ, ಇಲ್ಲ ಕಟ್ಟಡದ ಮೆಟ್ಟಿಲ ಕೆಳಗಿನ ಡಬ್ಬಿವರೆಗೆ ಬಂದು ಅಲ್ಲಿಂದ ತಾಮ್ರದ ಲ್ಯಾನ್ ವೈರ್ ಬರುತ್ತದಾ? ಎರಡನೆಯದಾದರೆ ಆ ಡಬ್ಬಿಯಲ್ಲಿ ನೆಟ್ಟನ್ನು ಮನೆಮನೆಗೆ ಹಂಚುವ 'ಸ್ವಿಚ್' ಅನ್ನೋ ಯಂತ್ರ ಇರುತ್ತದೆ, ಅದಕ್ಕೆ ಕರೆಂಟ್ ಬೇಕು. ಕರೆಂಟ್ ಹೋದಾಗ ನಿಮ್ಮ ಮನೆಗೆ ಯುಪಿಎಸ್ ಇದ್ದರೂ ಆ ಸ್ವಿಚ್‌ಗೆ ಬ್ಯಾಟರಿ ಇಲ್ಲದಿದ್ದರೆ ನೆಟ್ ಇಲ್ಲ. ಮನೆಯೊಳಗೇ ಫೈಬರ್ ಬಂದರೆ ಕಂಬದ ಮೇಲಿನ ಸ್ಪ್ಲಿಟರ್ ಡಬ್ಬಿಗೆ ಕರೆಂಟೇ ಬೇಡ. ಅದು ಸುಮ್ನೆ ಬೆಳಕನ್ನು ಹಂಚುತ್ತದೆ, ಅಷ್ಟೇ. ಲ್ಯಾನ್ ವೈರ್‌ನಲ್ಲಿ ಇನ್ನೊಂದು ತಾಪತ್ರಯವೂ ಇದೆ. ಕೆಲವರು ನಾಲ್ಕು ಜೋಡಿ ತಂತಿಯ ಬದಲು ಎರಡೇ ಜೋಡಿ ಕಟ್ಟಿರುತ್ತಾರೆ. ಆಗ ನೀವು 200 ಎಂಬಿಪಿಎಸ್ ಪ್ಲಾನ್ ತಗೊಂಡರೂ ಸ್ಪೀಡ್ ಟೆಸ್ಟ್ 95ರ ಹತ್ತಿರ ನಿಂತುಬಿಡುತ್ತದೆ. ಎರಡು ಜೋಡಿಯ ಮಿತಿಯೇ 100. ಟೆಸ್ಟ್ ಹಟ ಹಿಡಿದ ಹಾಗೆ 94, 95 ತೋರಿಸುತ್ತಿದ್ದರೆ ಮೊದಲು ವೈರ್ ನೋಡಿ.

ಇನ್ನು ಸ್ಪೀಡ್. ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಸಿಕ್ಕರೂ ಅದು ಬ್ರಾಡ್‌ಬ್ಯಾಂಡೇ. 2023ಕ್ಕೂ ಮುಂಚೆ ಅದೂ ಬೇಕಿರಲಿಲ್ಲ, 512 ಕೆಬಿಪಿಎಸ್ ಸಾಕಿತ್ತು! ನಮ್ಮ ಮನೆಯ ಲೆಕ್ಕ ಹೀಗೆ ಹಾಕಿದೆ. 4ಕೆ ಸಿನಿಮಾಗೆ 15 ಎಂಬಿಪಿಎಸ್ ಸಾಕು ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ವಿಡಿಯೋ ಕಾಲ್‌ಗೆ ನಾಲ್ಕೈದು ಇದ್ದರೆ ಧಾರಾಳ. ಮೂರೂ ಜನ ಒಟ್ಟಿಗೆ ಕೂತರೂ 50 ದಾಟುವುದಿಲ್ಲ. 100ರ ಪ್ಲಾನ್ ಸಾಕು ಅಂದುಕೊಂಡೆ. 300 ತಗೊಳ್ಳಿ ಅಂತ ಸೇಲ್ಸ್ ಹುಡುಗ ತುಂಬಾ ಒತ್ತಾಯ ಮಾಡಿದ. ನಾನು ಕೇಳಿದ್ದು ಅಪ್‌ಲೋಡ್ ಎಷ್ಟು ಅಂತ. ಪಾಠ ಹೇಳುವವರಿಗೆ, ಮೀಟಿಂಗ್‌ನಲ್ಲಿ ಸ್ಕ್ರೀನ್ ತೋರಿಸುವವರಿಗೆ ಅದೇ ಮುಖ್ಯ. ಅಂದಹಾಗೆ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಫೈಲ್ ಇಳಿಯುತ್ತೆ ಅಂತ ಅಲ್ಲ. ಪ್ಲಾನ್ ಬಿಟ್ ಲೆಕ್ಕ, ಫೈಲ್ ಬೈಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಎಂಟರಿಂದ ಭಾಗಿಸಿ, ಹನ್ನೆರಡೂವರೆ ಎಂಬಿ. 'ಅನ್‌ಲಿಮಿಟೆಡ್' ಅಂತ ಬರೆದಿರುವ ಹಲವು ಪ್ಲಾನ್‌ಗಳಲ್ಲೂ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ. ನಮ್ಮಂಥ ಮನೆ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಅದರ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ.

ಲೈನ್ ಹಾಕಲು ಬಂದದ್ದು ಅದೇ ಹುಡುಗ. ಕಿಟಕಿ ಚೌಕಟ್ಟಿಗೆ ಡ್ರಿಲ್ ಮಾಡಬಾರದು ಅಂತ ಓನರ್ ಅಂಕಲ್ ಮೊದಲೇ ಹೇಳಿದ್ದರು. ಗೋಡೆಯೊಳಗಿದ್ದ ಹಳೆಯ ಟಿವಿ ಕೇಬಲ್ ಪೈಪಿನಲ್ಲೇ ಎಳೆದ. ತುದಿಯ ಕಪ್ಪು ಹೊದಿಕೆ ಸುಲಿದು, ಕೂದಲಿನಷ್ಟು ಸಣ್ಣ ಎಳೆಯನ್ನು ಸ್ಪಿರಿಟ್ ಹಾಕಿದ ಟಿಶ್ಯೂನಲ್ಲಿ ಒರೆಸಿ, ಕತ್ತರಿಸುವ ಯಂತ್ರದಲ್ಲಿಟ್ಟು ಟಕ್ ಅಂತ ಒತ್ತಿದ. ಹಸಿರು ಕನೆಕ್ಟರ್ ಹಾಕಿ, ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರಿಗೆ ಸಿಕ್ಕಿಸಿದ. ಮೈನಸ್ 25 ಬಂತು. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ ಅಂತ ಅರ್ಥ.

"ಇದು ಸರಿನಾಪ್ಪ?"

"ನಡೆಯುತ್ತೆ ಮೇಡಂ, 27ರವರೆಗೂ ಓಡುತ್ತೆ."

"ಇವತ್ತೇ 25 ಅಂದ್ರೆ ಮಳೆ ಬಂದಾಗ?"

ಅವನು ನಕ್ಕ. ಬಾಲ್ಕನಿಗೆ ಹೋಗಿ ನೋಡಿದರೆ ಗ್ರಿಲ್ ಹತ್ತಿರ ಕೇಬಲ್ ಚೂಪಾಗಿ ಮಡಚಿಕೊಂಡಿತ್ತು. ಬಿಚ್ಚಿ, ಅಗಲವಾಗಿ ಸುತ್ತಿ ಟ್ಯಾಗ್ ಹಾಕಿದ. "ಒಳಗಿರೋದು ಗಾಜು ಮೇಡಂ, ಜಾಸ್ತಿ ಬಗ್ಗಿಸಿದ್ರೆ ಬೆಳಕು ಆಚೆ ಹೋಗ್ಬಿಡುತ್ತೆ." ಮತ್ತೆ ಮೀಟರ್ ಹಿಡಿದಾಗ ಮೈನಸ್ 19. ಆ ಮೀಟರಿನ ಫೋಟೋ ತೆಗೆದಿಟ್ಟುಕೊಂಡೆ. ಮುಂದೆ ನೆಟ್ ನಿಧಾನ ಆದರೆ ಹೋಲಿಸಲು ಒಂದು ಲೆಕ್ಕ ಬೇಕಲ್ವಾ. ನೀವೂ ಲೈನ್ ಹಾಕಿಸುವಾಗ ಮೀಟರ್ ತೋರಿಸಲು ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ರೂಟರ್ ಬಾಗಿಲ ಹತ್ತಿರವೇ ಇಡುತ್ತೇನೆ ಅಂದ. ನಮ್ಮ ಮನೆ ರೈಲು ಬೋಗಿಯಂತೆ ಉದ್ದಕ್ಕಿದೆ. 5 ಗಿಗಾಹರ್ಟ್ಸ್ ವೈಫೈ ವೇಗವಾಗಿದ್ದರೂ ಗೋಡೆ ದಾಟುವುದರಲ್ಲಿ ಸೋಮಾರಿ. ಇನ್ನಷ್ಟು ಕೇಬಲ್ ಎಳೆಸಿ ಹಾಲ್‌ನ ನಡುವೆ ಇಡಿಸಿದೆ. 12 ವೋಲ್ಟಿನ ಪುಟ್ಟ ರೂಟರ್ ಯುಪಿಎಸ್ ಬೇರೆ ತಂದೆ. ಕರೆಂಟ್ ಹೋದಾಗ ಫ್ಯಾನ್ ನಿಲ್ಲುತ್ತದೆ, ಪಾಠ ನಿಲ್ಲುವುದಿಲ್ಲ.

ಬ್ಯಾಕಪ್‌ಗೆ ಎರಡನೇ ಕೇಬಲ್ ಹಾಕಿಸಲಿಲ್ಲ. ಪಿಜಿಯವರ ಲಾರಿ ಕಥೆ ನೆನಪಿತ್ತು. ಬೇರೆ ಕಂಪನಿಯ 5ಜಿ ಸಿಮ್ ಇದೆ, ಹಾಟ್‌ಸ್ಪಾಟ್ ಆನ್ ಮಾಡಿದರೆ ಆಯಿತು. ಅದಕ್ಕೆ ಕಂಬವೂ ಬೇಡ, ಮರವೂ ಬೇಡ. ಕಂಪನಿಗಳು ಕೊಡುವ ಏರ್‌ಫೈಬರ್ ಕೂಡ ಟವರ್‌ನಿಂದ ಗಾಳಿಯಲ್ಲೇ ಬರುತ್ತದೆ. ಕೇಬಲ್ ಬರದ ಹೊಸ ಲೇಔಟ್‌ಗಳಲ್ಲಿ ಅದು ವಾಸಿ. ಆದರೆ ಕೇಬಲ್ ಬರುವ ಕಡೆ ನಾನು ಕೇಬಲ್‌ಗೇ ಹೋಗುತ್ತೇನೆ.

ನಾನು ತಗೊಂಡ ಕಂಪನಿ ಯಾವುದು ಅಂತ ಸ್ನೇಹಿತರು ಕೇಳುತ್ತಾರೆ. ಹೇಳಿ ಏನು ಪ್ರಯೋಜನ? ಮುಂದಿನ ಕ್ರಾಸ್‌ನಲ್ಲಿ ಅದೇ ಕಂಪನಿಯ ಲೈನ್ ನೋಡಿಕೊಳ್ಳುವವರು ಬೇರೆ. ಕಂಪ್ಲೇಂಟ್ ಕೊಟ್ಟಾಗ ಬರುವ ಡಾಕೆಟ್ ನಂಬರ್ ಮಾತ್ರ ಎಲ್ಲರೂ ಬರೆದಿಟ್ಟುಕೊಳ್ಳಿ. ಕಸ್ಟಮರ್ ಕೇರ್‌ನಲ್ಲಿ ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ದೂರು ಕೊಡಲು ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನ ನಿಯಮದಲ್ಲೇ ಅವಕಾಶ ಇದೆ. ನಂಬರ್ ಇಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ.

ದುಡ್ಡಿನ ವಿಷಯ. ಪ್ಲಾನ್ ಬೆಲೆ 799 ಅಂತಿದ್ದರೆ ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಕೈಯಿಂದ ಹೋಗುವುದು 943. ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ ತಿಂಗಳು ಫ್ರೀ, ಇನ್‌ಸ್ಟಲೇಶನ್ ಫ್ರೀ ಅಂತ ಆಸೆ ತೋರಿಸಿದರು. ಆದರೆ ಬೆಂಗಳೂರಿನ ಬಾಡಿಗೆ ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳದ್ದು! ಮನೆ ಬದಲಾದ ಕಡೆ ಅದೇ ಲೈನ್ ಇಲ್ಲದಿದ್ದರೆ ಕಟ್ಟಿದ ದುಡ್ಡಿಗಾಗಿ ಅಲೆಯಬೇಕು. ನಾನು 6 ತಿಂಗಳಿಗೆ ಕಟ್ಟಿದೆ. ಅದಕ್ಕೂ ಇನ್‌ಸ್ಟಲೇಶನ್ ಫ್ರೀ ಇತ್ತು. ಉಳಿದ 5 ತಿಂಗಳಿಗೆ ತಿಂಗಳ ಪ್ಲಾನ್. ಆಮೇಲಿನದು ಓನರ್ ಅಂಕಲ್ ಬಾಡಿಗೆ ಎಷ್ಟು ಏರಿಸುತ್ತಾರೆ ಅನ್ನೋದರ ಮೇಲೆ.