ಮಿರ್ಚಿ ಕಟ್ಟಿಕೊಟ್ಟ ಹಾಳೆ

ಒಂದು ಸಂಜೆ ಅಂಗಡಿ ಮುಚ್ಚಿ, ಬಸ್ ಸ್ಟ್ಯಾಂಡ್ ಹತ್ತಿರದ ಬಂಡಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದಿದ್ದೆ. ಎಲ್ಲರೂ ತಿಂದು ಮುಗಿಸಿದ ಮೇಲೆ ಎಣ್ಣೆ ಹೀರಿದ ಹಾಳೆಯನ್ನು ಮುದುರಿ ಎಸೆಯಲು ಹೋದಾಗ ಅದರಲ್ಲೊಂದು ಮುಖ ಕಂಡಿತು. ನಮ್ಮ ಓಣಿಯ ಹುಡುಗಿ. ಅವಳ ಆಧಾರ್ ಕಾರ್ಡಿನ ಜೆರಾಕ್ಸ್ ಅದು. ಹನ್ನೆರಡೂ ಅಂಕಿ, ಹುಟ್ಟಿದ ತಾರೀಕು, ಅಪ್ಪನ ಹೆಸರು, ಮನೆ ವಿಳಾಸ ಎಲ್ಲ ಎಣ್ಣೆಯ ನಡುವೆಯೂ ನಿಚ್ಚಳವಾಗಿ ಓದಲು ಬರುತ್ತಿತ್ತು. ಹಾಳೆಯ ಎಡಕ್ಕೆ ಒಂದು ಕಪ್ಪು ಗೆರೆ ಇತ್ತು. ಆ ಗೆರೆಯ ಗುರುತು ನನಗೆ ಚೆನ್ನಾಗಿತ್ತು. ನನ್ನ ಜೆರಾಕ್ಸ್ ಮಷೀನಿನ ಡ್ರಮ್ ಕೆಟ್ಟಾಗ ಬೀಳುತ್ತಿದ್ದ ಗೆರೆ. ಕೆಟ್ಟು ಬಂದ ಪ್ರತಿಗಳನ್ನೆಲ್ಲ ರದ್ದಿ ಜೊತೆ ಸೇರಿಸಿ ಕಿಲೋ ಲೆಕ್ಕದಲ್ಲಿ ತೂಕಕ್ಕೆ ಹಾಕುತ್ತಿದ್ದವನು ನಾನೇ.

ಗಂಗಾವತಿ ತಾಲ್ಲೂಕಿನ ಹೊಳೆ ದಂಡೆಯ ಊರು ನಮ್ಮದು. ನನ್ನ ಅಂಗಡಿಗೆ ಜನ ‘ಆನ್‌ಲೈನ್ ಸೆಂಟರ್’ ಅಂತಾರೆ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರ, ನೌಕರಿಗೆ ಅರ್ಜಿ ಹಾಕುವ ಹುಡುಗರಿಗೆ ಕಲ್ಯಾಣ ಕರ್ನಾಟಕದ ಮೀಸಲಾತಿಯ 371 ಜೆ ಸರ್ಟಿಫಿಕೇಟ್, ಪಿಎಂ ಕಿಸಾನ್ ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತ ಮಾಡುವುದು), ಅಜ್ಜ ಅಜ್ಜಿಯರಿಗೆ ಥಂಬ್ ಹಚ್ಚಿಸಿ ಪಿಂಚಣಿ ರೊಕ್ಕ ಕೊಡುವುದು, ಇವೇ ದಿನದ ಕೆಲಸ. ಪ್ರತಿ ಅರ್ಜಿಯ ಕೊನೆಗೆ ಒಂದು ಚೌಕ ಇರುತ್ತದೆ: ‘ಮೇಲಿನದನ್ನು ಓದಿ ಒಪ್ಪಿದ್ದೇನೆ’. ಅರ್ಜಿದಾರರು ಬೆಂಚಿನ ಮೇಲೆ ಕುಳಿತು ನಾಟಿ ಹಚ್ಚುವ ಆಳುಗಳ ಚಿಂತೆಯಲ್ಲಿರುತ್ತಾರೆ. ಟಿಕ್ ಹಾಕುವವನು ನಾನು. ಅವರೂ ಓದಿರುವುದಿಲ್ಲ, ನಾನೂ ಓದಿರುವುದಿಲ್ಲ. ಹೀಗೆ ಎಷ್ಟು ಸಾವಿರ ಜನರ ಪರವಾಗಿ ನಾನು ‘ಒಪ್ಪಿದ್ದೇನೆ’ ಎಂದಿದ್ದೇನೋ ಎಂದು ಆ ರಾತ್ರಿ ಲೆಕ್ಕ ಹಾಕಲು ಹೋಗಿ ನಿದ್ದೆ ಬರಲಿಲ್ಲ.

ಮರುದಿನ ಮೊದಲು ಮಾಡಿದ ಕೆಲಸ ಮೊಬೈಲ್ ತೆರೆದು ನೋಡಿದ್ದು. ವಾಟ್ಸಾಪ್‌ನಲ್ಲಿ ಜನ ಕಳಿಸಿದ ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡಿನ ಫೋಟೋಗಳು ವರ್ಷಗಟ್ಟಲೆ ಹಾಗೆಯೇ ಬಿದ್ದಿದ್ದವು. ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಇನ್ನೂ ಹೆಚ್ಚು. ಎಲ್ಲ ಅಳಿಸಲು ಎರಡು ದಿನ ಹಿಡಿಯಿತು. ಈಗ ಕೆಟ್ಟ ಪ್ರತಿಯನ್ನು ಅರ್ಜಿದಾರರ ಎದುರೇ ಹರಿದು ಸಂಜೆ ಒಲೆಗೆ ಹಾಕುತ್ತೇನೆ. ಸ್ಕ್ಯಾನ್ ಮಾಡಿದ್ದನ್ನು ಅಂಗಡಿ ಮುಚ್ಚುವ ಮುನ್ನ ಅಳಿಸುತ್ತೇನೆ. ಆಧಾರ್ ಪ್ರತಿಯನ್ನು ಬೇರೆ ಎಲ್ಲಿಗಾದರೂ ಕೊಡುವವರಿದ್ದರೆ ಅದರ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಕು ಎಂದು ಅಡ್ಡಲಾಗಿ ಬರೆದು ಸಹಿ ಮಾಡಿಸುತ್ತೇನೆ. ಪೂರ್ತಿ ನಂಬರು ಬೇಕಿಲ್ಲದ ಕಡೆಗೆ ಮಾಸ್ಕ್ ಆದ ಆಧಾರ್ ಇಳಿಸಿಕೊಡುತ್ತೇನೆ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ.

‘ಇಷ್ಟೆಲ್ಲಾ ಯಾಕ ಬೇಕೋ, ಬಡವರ ಕಾರ್ಡ್ ತಗೊಂಡು ಯಾರೇನ ಮಾಡ್ತಾರ?’ ಎಂದು ನಮ್ಮ ಕಾಕಾ ಕೇಳಿದ. ಅವನಿಗೆ ನಾನು ಹೇಳಿದ್ದು ಕೆ.ಎಸ್. ಪುಟ್ಟಸ್ವಾಮಿಯವರ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆಧಾರ್ ಹೋಗಲಿಲ್ಲ, ಸರ್ಕಾರದ ಸವಲತ್ತುಗಳಿಗೆ ಅದು ಉಳಿಯಿತು. ಆದರೆ ಸಿಮ್ ಕೊಳ್ಳಲು ಆಧಾರೇ ಬೇಕೆಂದು ಒತ್ತಾಯಿಸುವಂತಿಲ್ಲ ಎಂಬುದು 2018ರ ತೀರ್ಪಿನಲ್ಲಿ ಸ್ಪಷ್ಟವಾಯಿತು. ಬಡವನ ಹೆಬ್ಬೆಟ್ಟೂ ಅವನದೇ. ತೆಗೆದುಕೊಳ್ಳುವವರು ಯಾಕೆ ಎಂದು ಹೇಳಬೇಕು. ಕಾಕಾ ಪೂರ್ತಿ ಒಪ್ಪಲಿಲ್ಲ. ಆದರೂ ಆಮೇಲೆ ಪ್ರತಿ ಸಲ ಜೆರಾಕ್ಸ್ ಹಾಳೆ ಎಣಿಸಿಕೊಂಡು ಹೋಗುತ್ತಾನೆ.

ಈ ‘ಯಾಕ’ ಎಂಬ ಮಾತಿನ ಬೆಲೆ ನನಗೆ ಪೂರ್ತಿ ತಿಳಿದದ್ದು ಒಬ್ಬ ದೊಡ್ಡವ್ವನ ರೊಕ್ಕ ಹೋದಾಗ. ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದ 1,200, ಗೃಹಲಕ್ಷ್ಮಿಯ 2,000, ಎರಡೂ ಸೇರಿ ಒಂದಿಷ್ಟು ಕೂಡಿಟ್ಟಿದ್ದಳು. ತೆಗೆಯಲು ಬಂದರೆ ಖಾತೆಯಲ್ಲಿ ಮುನ್ನೂರು ಚಿಲ್ಲರೆ ಉಳಿದಿತ್ತು. ‘ನಾ ಎಲ್ಲೂ ಹೋಗಿಲ್ಲೋ ಯಪ್ಪಾ, ಯಾರಿಗೂ ಕೊಟ್ಟಿಲ್ಲ’ ಎಂದು ಅಳತೊಡಗಿದಳು. ಬ್ಯಾಂಕಿಗೆ ಕರೆದುಕೊಂಡು ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದೆವು. ಮೂರು ಸಲ ಆಧಾರ್ ಮೂಲಕ ಹಣ ಹೋಗಿತ್ತು. ಆ ತಾರೀಕುಗಳ ಸುಮಾರಿಗೆ ಊರಿಗೆ ಯಾರೋ ಬಂದು ‘ರೇಷನ್ ಕಾರ್ಡಿನ ಇ-ಕೆವೈಸಿ’ ಎಂದು ಗುಡಿ ಕಟ್ಟೆಯ ಮೇಲೆ ಕುಳಿತು ಹೆಂಗಸರ ಬೆರಳು ಹಚ್ಚಿಸಿಕೊಂಡಿದ್ದರು.

ಇದು ಹೇಗೆ ನಡೆಯುತ್ತದೆ ಎಂದು ನನಗೆ ಗೊತ್ತು, ಏಕೆಂದರೆ ಅಂಥದ್ದೇ ಯಂತ್ರ ನನ್ನ ಮೇಜಿನ ಮೇಲೂ ಇದೆ. ಆಧಾರ್ ಮೂಲಕ ಹಣ ತೆಗೆಯಲು ಮೂರೇ ಬೇಕು: ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು. ಒಟಿಪಿ ಇಲ್ಲ, ಪಿನ್ ಇಲ್ಲ, ಮೊಬೈಲ್ ಕೂಡ ಬೇಡ. ಓದು ಬರಹ ಬಾರದವರಿಗೆ ಅನುಕೂಲ ಆಗಲೆಂದೇ ಹಾಗೆ ಮಾಡಿದ್ದು, ಅನುಕೂಲ ಆಗಿಯೂ ಇದೆ. ಆದರೆ ಬೆರಳಿಟ್ಟ ಗಾಜಿನ ಹಿಂದೆ ಪರದೆಯ ಮೇಲೆ ಏನು ತೆರೆದಿದೆ ಎಂಬುದು ಬೆರಳಿಡುವವರಿಗೆ ಕಾಣುವುದಿಲ್ಲ. ಅಲ್ಲಿ ಇ-ಕೆವೈಸಿಯೂ ಇರಬಹುದು, ಎರಡು ಸಾವಿರದ ವಿತ್‌ಡ್ರಾ ಕೂಡ ಇರಬಹುದು. ‘ಸರ್ವರ್ ಬಿಜಿ ಐತಿ, ಇನ್ನೊಮ್ಮೆ ಇಡ್ರಿ’ ಎಂದರೆ ಮುಗಿಯಿತು. ಪ್ರತಿ ಸಲ ಬೆರಳು ಇಟ್ಟದ್ದೂ ಒಂದು ಹೊಸ ಒಪ್ಪಿಗೆ.

ಬ್ಯಾಂಕಿನಲ್ಲಿ ಮೊದಲು ಸಿಕ್ಕ ಉತ್ತರ ‘ಬೆರಳು ಆಯಮ್ಮಂದೇ ಮ್ಯಾಚ್ ಆಗೇತಿ, ನಾವೇನ ಮಾಡೋಣ’. ಹಿಂದಿನ ನಾನಾಗಿದ್ದರೆ ಅಲ್ಲಿಗೇ ಎದ್ದು ಬರುತ್ತಿದ್ದೆ. ಈ ಸಲ ಹೊರಗೆ ಬಂದು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ ದೂರು ಬರೆಸಿ, ದೂರಿನ ನಂಬರು ಪಡೆದೆವು. ಆಮೇಲೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹುಡುಕಿ ಓದಿದೆ. ಒಂದು ಸಲಕ್ಕೆ ತಿಳಿಯಲಿಲ್ಲ. ಎರಡು ರಾತ್ರಿ ಕುಳಿತು ಕನ್ನಡದಲ್ಲಿ ಬರೆದುಕೊಂಡೆ. ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಹೊರಿಸುವಂತಿಲ್ಲ. ತಪ್ಪು ಗ್ರಾಹಕರದೇ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ದೊಡ್ಡವ್ವನ ಖಾತೆಗೆ ಮೊಬೈಲ್ ಜೋಡಣೆಯೇ ಆಗಿರಲಿಲ್ಲ, ಆದ್ದರಿಂದ ಅವಳಿಗೆ ಒಂದು ಮೆಸೇಜೂ ಬಂದಿರಲಿಲ್ಲ. ಪಾಸ್‌ಬುಕ್ ಎಂಟ್ರಿ ಆದ ದಿನವೇ ಅವಳಿಗೆ ಮಾಹಿತಿ ಸಿಕ್ಕ ದಿನ. ಇದನ್ನೇ ಒಂದು ಪುಟದಲ್ಲಿ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿ (ಒತ್ತಿಸುವ ಮುನ್ನ ಪೂರ್ತಿ ಓದಿ ಹೇಳಿದೆ), ಬ್ಯಾಂಕಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು. ಆ ಸೀಲಿಗಾಗಿ ಒಂದೂವರೆ ತಾಸು ನಿಲ್ಲಬೇಕಾಯಿತು. ಸೀಲು ಬಿದ್ದ ಹಾಳೆ ಕೈಯಲ್ಲಿದ್ದರೆ ಮುಂದಿನ ಮಾತಿನ ಧಾಟಿಯೇ ಬೇರೆ. ಎರಡು ತಿಂಗಳು ಓಡಾಡಿದ ಮೇಲೆ ರೊಕ್ಕ ಖಾತೆಗೆ ತಿರುಗಿ ಬಂತು.

ಆಮೇಲಿನಿಂದ ನನ್ನ ಮೇಜನ್ನು ತಿರುಗಿಸಿ ಇಟ್ಟಿದ್ದೇನೆ. ಪರದೆ ಬೆರಳಿಡುವವರಿಗೂ ಕಾಣುತ್ತದೆ. ಎಷ್ಟು ತೆಗೆಯುತ್ತಿದ್ದೇವೆ ಎಂದು ಅಂಕಿ ತೋರಿಸಿ, ಆಮೇಲೆ ಬೆರಳು. ಸ್ಲಿಪ್ ಕೊಡದೆ ಯಾರನ್ನೂ ಕಳಿಸುವುದಿಲ್ಲ, ‘ಬ್ಯಾಡ ಬಿಡು’ ಅಂದರೂ. ಇನ್ನೊಂದು ಬದಲಾವಣೆ ಸಣ್ಣದು, ಆದರೆ ನನಗೆ ಮುಖ್ಯ. ಮೊದಲೆಲ್ಲ ‘ನಿನ್ನ ಖಾತೆದಾಗ ಆರು ಸಾವಿರ ಐತವ್ವಾ’ ಎಂದು ಎಲ್ಲರೆದುರು ಕೂಗಿ ಹೇಳುತ್ತಿದ್ದೆ. ಬೆಂಚಿನ ಮೇಲೆ ಅವಳಿಗೆ ಸಾಲ ಕೊಟ್ಟವರು ಕುಳಿತಿರುತ್ತಿದ್ದರು, ಅವಳ ಕುಡುಕ ಮಗ ಕುಳಿತಿರುತ್ತಿದ್ದ. ಈಗ ಚೀಟಿಯಲ್ಲಿ ಬರೆದು ತೋರಿಸುತ್ತೇನೆ, ಇಲ್ಲವೇ ಕಿವಿಯ ಹತ್ತಿರ ಹೇಳುತ್ತೇನೆ.

ಮನೆಯೊಳಗಿನ ಮಾತು ಇನ್ನೂ ಸೂಕ್ಷ್ಮ. ‘ಈ ಆಧಾರಿಗೆ ಯಾರ ನಂಬರ್ ಕೊಟ್ಟೀರಿ?’ ಎಂದು ಕೇಳಿದರೆ ಹೆಂಗಸರಲ್ಲಿ ಹೆಚ್ಚಿನವರು ಗಂಡನದೋ ಮಗನದೋ ನಂಬರು ಹೇಳುತ್ತಾರೆ. ಒಟಿಪಿ ಹೋಗುವುದು ಅಲ್ಲಿಗೆ. ಆಧಾರ್ ವೆಬ್‌ಸೈಟಿನಲ್ಲಿ ಹಿಂದಿನ ಆರು ತಿಂಗಳು ಆ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂದು ನೋಡಬಹುದು. ಬಯೋಮೆಟ್ರಿಕ್ ಲಾಕ್ ಹಾಕಬಹುದು. ಎರಡಕ್ಕೂ ಒಟಿಪಿ ಬೇಕು, ಫೋನ್ ಯಾರ ಕೈಯಲ್ಲಿದೆಯೋ ಹಕ್ಕಿನ ಕೀಲಿಯೂ ಅವರ ಕೈಯಲ್ಲಿ. ಸ್ವಂತ ಫೋನ್ ಇರುವ ಹೆಂಗಸರಿಗೆ ನಂಬರು ಬದಲಿಸಿಕೊಳ್ಳಿ ಎಂದು ಹೇಳುತ್ತೇನೆ, ಒತ್ತಾಯ ಮಾಡುವುದಿಲ್ಲ. ಅದರಿಂದ ಮನೆಯಲ್ಲಿ ಜಗಳ ಆದದ್ದೂ ಇದೆ. ಲಾಕ್ ವಿಷಯದಲ್ಲೂ ಎಲ್ಲರಿಗೂ ಒಂದೇ ಮಾತು ಹೇಳಲು ಬರುವುದಿಲ್ಲ. ಲಾಕ್ ಹಾಕಿದರೆ ರೇಷನ್ ಅಂಗಡಿಯಲ್ಲೂ ಥಂಬ್ ತೆಗೆದುಕೊಳ್ಳುವುದಿಲ್ಲ. ಪ್ರತಿ ಸಲ ತೆರೆದು ಹೋಗಬೇಕು. ಬೆರಳನ್ನೇ ನಂಬಿಕೊಂಡ ಒಂಟಿ ಅಜ್ಜಿಗೆ ಅದು ರಕ್ಷಣೆಯಲ್ಲ, ತೊಡಕು. ಮೊಬೈಲ್ ಬಳಸಲು ಬರುವವರಿಗೆ ಮಾತ್ರ ಲಾಕ್ ಹಾಕಿಕೊಡುತ್ತೇನೆ.

ಅಂಗಡಿಗೆ ಅರ್ಜಿಯ ಜೊತೆ ಮೆಸೇಜುಗಳೂ ಬರುತ್ತವೆ. ‘ಇದು ಖರೇ ಐತೇನು ನೋಡೋ’ ಎಂದು ಫೋನ್ ಚಾಚುತ್ತಾರೆ. ಗೃಹಲಕ್ಷ್ಮಿ ಕಂತು ಬಂತೋ ಇಲ್ಲವೋ ನೋಡಲು ಈ ಲಿಂಕ್ ಒತ್ತಿ ಎನ್ನುವಂಥವು. ಲಿಂಕ್ ಓದುವುದನ್ನು ನಾನು ಊರ ವಿಳಾಸದ ಲೆಕ್ಕದಲ್ಲಿ ಹೇಳಿಕೊಡುತ್ತೇನೆ. ಪತ್ರದ ವಿಳಾಸದಲ್ಲಿ ಮೊದಲು ಮನೆ, ಆಮೇಲೆ ಓಣಿ, ಊರು, ತಾಲ್ಲೂಕು, ಕಡೆಗೆ ಜಿಲ್ಲೆ. ಮನೆಗೆ ಯಾರು ಬೇಕಾದರೂ ‘ಗೃಹಲಕ್ಷ್ಮಿ ನಿಲಯ’ ಎಂದು ಹೆಸರಿಡಬಹುದು, ಜಿಲ್ಲೆಯ ಹೆಸರು ಅವರ ಕೈಯಲ್ಲಿಲ್ಲ. ವೆಬ್‌ಸೈಟೂ ಹಾಗೆಯೇ. ಶುರುವಿನ https:// ಬಿಟ್ಟು, ಮುಂದಿನ ಓರೆಗೀಟು (/) ಬರುವ ತನಕ ಓದಿ, ಅದರ ತುದಿ ನೋಡಬೇಕು. ರಾಜ್ಯ ಸರ್ಕಾರದ್ದಾದರೆ ತುದಿಯಲ್ಲಿ ಹೆಚ್ಚಾಗಿ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಇರುತ್ತದೆ. ಜಿಒವಿ ಎಂಬುದು ನಡುವೆಲ್ಲೋ ಸಿಕ್ಕಿಕೊಂಡು ತುದಿಯಲ್ಲಿ ಬೇರೆಯದೇ ಇದ್ದರೆ ಅದು ಮನೆಯ ಬೋರ್ಡು ಅಷ್ಟೇ. ಓದಲು ಬರುವ ಹುಡುಗಿಯರು ಇದನ್ನು ಒಂದೇ ದಿನದಲ್ಲಿ ಕಲಿತು ಮನೆಯವರಿಗೆಲ್ಲ ಹೇಳಿಕೊಟ್ಟರು.

ಓದಲು ಬಾರದವರ ಬುದ್ಧಿ ಕಡಿಮೆಯದಲ್ಲ ಎಂದು ನನಗೆ ತೋರಿಸಿಕೊಟ್ಟದ್ದು 2024ರ ಆಗಸ್ಟ್ 10ರ ರಾತ್ರಿ. ಶನಿವಾರ. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟು ಕೊಚ್ಚಿಹೋದ ರಾತ್ರಿ. ನಡುರಾತ್ರಿಯ ಹೊತ್ತಿಗೆ ಊರೆಲ್ಲ ಎದ್ದಿತ್ತು. ‘ಡ್ಯಾಂ ಒಡದೈತಿ, ಮೂರು ತಾಸಿನ್ಯಾಗ ಹೊಳಿ ದಂಡಿ ಊರೆಲ್ಲಾ ಮುಳುಗತಾವ’ ಎಂಬ ಮೆಸೇಜು, ಜೊತೆಗೊಂದು ಕಟ್ಟೆ ಒಡೆಯುವ ವಿಡಿಯೋ. ಜನ ಟ್ರ್ಯಾಕ್ಟರಿಗೆ ಸಾಮಾನು ಹೇರತೊಡಗಿದ್ದರು. ನನ್ನ ಅವ್ವನಿಗೆ ಅಕ್ಷರ ಬಾರದು. ವಿಡಿಯೋ ನೋಡಿದವಳೇ ಕೇಳಿದಳು: ‘ಈಗ ರಾತ್ರಿ ಹನ್ನೆರಡು ಗಂಟೆ. ಇದರಾಗ ಇಷ್ಟು ಬಿಸಿಲು ಎಲ್ಲಿಂದ ಬಂತೋ?’

ವಿಡಿಯೋ ಸುಳ್ಳು. ಹಾಗೆಂದು ಸುದ್ದಿಯೂ ಪೂರ್ತಿ ಸುಳ್ಳೆಂದು ಮಲಗಿಬಿಟ್ಟಿದ್ದರೆ ಅದೂ ತಪ್ಪಾಗುತ್ತಿತ್ತು. ಮುನಿರಾಬಾದಿನಲ್ಲಿರುವ ನಮ್ಮ ಮಾವನ ಮಗನಿಗೆ ಫೋನ್ ಹಚ್ಚಿದೆ. ‘ನೀ ಕಣ್ಣಿಲೇ ನೋಡಿಯೇನು?’ ಎಂದು ಮೊದಲು ಅದನ್ನೇ ಕೇಳಿದೆ. ‘ನೋಡೇನಿ. ಗೇಟ್ ಒಂದ ಹೋಗೇತಿ. ಡ್ಯಾಂ ಗಟ್ಟಿ ಐತಿ’ ಎಂದ. ಮುಂದೆ ಪಂಚಾಯಿತಿಯವರಿಂದ ಅಂಕಿ ಸಿಕ್ಕಿತು: ಒತ್ತಡ ಕಡಿಮೆ ಮಾಡಲು ಉಳಿದ ಗೇಟುಗಳನ್ನೂ ತೆರೆದು ಹೊಳೆಗೆ ಸುಮಾರು 1 ಲಕ್ಷ ಕ್ಯೂಸೆಕ್ ಬಿಡುತ್ತಿದ್ದಾರೆ. ಕ್ಯೂಸೆಕ್ ಎಂದರೆ ನಮ್ಮ ಕಡೆ ಕಲಿಸಬೇಕಿಲ್ಲ. ಕಂಪ್ಲಿ ಸೇತುವೆ ಮುಳುಗುವಂಥ ನೀರನ್ನು ಎಷ್ಟೋ ಮಳೆಗಾಲ ನೋಡಿದ ಹಿರಿಯರು ಅಂಕಿ ಕೇಳಿದ ಕೂಡಲೇ ಏನು ಮಾಡಬೇಕೆಂದು ಹೇಳಿದರು. ಊರು ಬಿಡುವುದು ಬೇಡ. ದಂಡೆಯ ಮೇಲಿನ ಪಂಪ್‌ಸೆಟ್ ಬಿಚ್ಚಿ ಮೇಲೆ ತರಬೇಕು, ದನ ಕರುಗಳನ್ನು ತಗ್ಗಿನಿಂದ ಹೊಡೆದುಕೊಂಡು ಬರಬೇಕು. ಬೆಳಗಾಗುವ ಹೊತ್ತಿಗೆ ಎಲ್ಲ ಮೋಟಾರು ಮೇಲಿದ್ದವು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಗೇಟಿನ ಬಾಯಿ ಮುಚ್ಚಿದರು.

ಅವತ್ತು ನನ್ನ ಎದೆ ಹೊಡೆದುಕೊಂಡದ್ದು ನೀರಿಗಿಂತ ಹೆಚ್ಚಾಗಿ ಜನರ ಓಟಕ್ಕೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುಳ್ಳಿಗೆ ಹೈದರಾಬಾದಿನ ಒಬ್ಬ ಯುವಕನ ಜೀವ ಹೋಯಿತು. ನಮ್ಮದೇ ಕಲ್ಯಾಣ ಕರ್ನಾಟಕದ ಊರದು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಕಳಿಸುವಂತೆ ಮಿತಿ ಹಾಕಿತು. ಐದು ಕೂಡ ಕಡಿಮೆಯಲ್ಲ. ಶಾಲೆಗೆ ಕರೆದಾಗ ಮಕ್ಕಳಿಗೆ ನಾನು ರಾಯಚೂರು ಜಿಲ್ಲೆಯ ಮಸ್ಕಿಯ ಕಲ್ಲಿನ ಕಥೆ ಹೇಳುವುದುಂಟು. ನಮ್ಮ ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನ ಬಂಡೆಗಳ ಮೇಲೂ ಅಂಥ ಶಾಸನ ಇವೆ. ಆದರೆ ಈ ಶಾಸನಗಳನ್ನು ಬರೆಸಿದ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಗಟ್ಟಿಯಾದದ್ದು 1915ರಲ್ಲಿ ಮಸ್ಕಿಯ ಕಲ್ಲಿನಲ್ಲಿ ಅವನ ಹೆಸರೇ ಸಿಕ್ಕಿದ ಮೇಲೆ. ಕಳಿಸಿದವರ ಹೆಸರು ಗೊತ್ತಾಗುವ ತನಕ ಪಂಡಿತರೇ ಕಾದರು, ನೀವು ಒಂದು ತಾಸು ಕಾಯಿರಿ ಎನ್ನುತ್ತೇನೆ.

ಎಲ್ಲ ಸಲವೂ ಗೆದ್ದಿಲ್ಲ. ಪಕ್ಕದ ಊರಿನ ಒಬ್ಬ ಹುಡುಗ ಅಪ್ಪನ ಫೋನಿಗೆ ಬಂದ ಒಟಿಪಿಯನ್ನು, ಕೇಳಿದವರು ಬ್ಯಾಂಕಿನವರೆಂದು ನಂಬಿ ಹೇಳಿಬಿಟ್ಟಿದ್ದ. ಭತ್ತ ಮಾರಿದ ರೊಕ್ಕ ಹೋಯಿತು. ಬೈಸಿಕೊಳ್ಳುವ ಹೆದರಿಕೆಗೆ ನಾಲ್ಕು ದಿನ ಬಾಯಿ ಬಿಡಲಿಲ್ಲ. 1930ಕ್ಕೆ ಆ ತಾಸಿನಲ್ಲೇ ಹೇಳಿದ್ದರೆ ಹಣ ಕೈ ಬದಲಾಗುವ ಮುನ್ನ ತಡೆಯುವ ಅವಕಾಶ ಇರುತ್ತಿತ್ತು. ಒಟಿಪಿ ಕೊಟ್ಟವರು ನೀವೇ, ನಿರ್ಲಕ್ಷ್ಯ ನಿಮ್ಮದೇ ಎಂದು ಬ್ಯಾಂಕು ಬರೆದು ಕೊಟ್ಟಿತು. ಅದೇ ಸುತ್ತೋಲೆಯಲ್ಲಿ ಇದೂ ಇದೆ: ಗ್ರಾಹಕರ ನಿರ್ಲಕ್ಷ್ಯವಾದರೆ ತಿಳಿಸುವ ತನಕದ ನಷ್ಟ ಅವರದು, ತಿಳಿಸಿದ ಮೇಲಿನದು ಬ್ಯಾಂಕಿನದು. ದೂರು ಕೊಟ್ಟ ಮೇಲೂ ಆ ಖಾತೆಯಿಂದ ಒಂದು ಸಲ ಹಣ ಹೋಗಿದೆ. ಅಷ್ಟನ್ನಾದರೂ ಕೊಡಿ ಎಂದು ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ಅರ್ಜಿ ಹಾಕಿದ್ದೇವೆ, ಅದಕ್ಕೆ ಶುಲ್ಕವಿಲ್ಲ. ಅರ್ಜಿಯನ್ನು ಆ ಹುಡುಗನ ಕೈಯಿಂದಲೇ ಬರೆಸಿದೆ. ಕೊನೆಯ ಚೌಕ ಬಂದಾಗ ಅವನು ಟಿಕ್ ಹಾಕದೆ ಕೈ ತಡೆದು, ಮೇಲಿನಿಂದ ಕೆಳಗಿನವರೆಗೆ ಜೋರಾಗಿ ಅಪ್ಪನಿಗೆ ಓದಿ ಹೇಳಿದ. ಉತ್ತರ ಇನ್ನೂ ಬಂದಿಲ್ಲ.